ಸುಗ್ಗಿಗೆ ಹೋಗುವವರೂ ಮನೆಯಲ್ಲಿ ನಿಲ್ಲುವವರೂ

ಕಾರ್ತಿಕ ಮಾಸದಲ್ಲಿ ಚರ್ಚಾಸ್ಪರ್ಧೆ ಏರ್ಪಡಿಸುವುದು ನಮ್ಮ ಶಾಲೆಯ ವಾಡಿಕೆ. ಈ ಸಲ ವಿಷಯವನ್ನು ಆರಿಸಿಕೊಟ್ಟವರು ನಾವೇ: ‘ವರ್ಷವಿಡೀ ದೇಶ ಸುತ್ತುವುದು ಮೇಲೋ, ಒಂದು ಋತುವಾದರೂ ಒಂದೆಡೆ ತಂಗುವುದು ಮೇಲೋ?’ ಮಕ್ಕಳು ಕಾಶಿಯಾತ್ರೆ, ಮೈಸೂರು ಪ್ರವಾಸ, ಹಂಪೆಯ ಕಲ್ಲಿನ ರಥ ಎಂದೆಲ್ಲ ಮಾತನಾಡಿಯಾರು ಎಂದು ನಾವು ನಿರೀಕ್ಷಿಸಿದ್ದೆವು. ಮೊದಲಿಬ್ಬರು ಹಾಗೆಯೇ ಮಾತನಾಡಿದರು. ಮೂರನೆಯವನಾಗಿ ಎದ್ದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬರೆದು ತಂದಿದ್ದ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಹೀಗೆಂದನು: “ಗುರುಗಳೇ, ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ತರಗತಿಯ ಗೋಡೆಯ ಮೇಲೆ ಬರೆಸಿದವರು ನೀವು. ನಾವು ದೇಶ ಸುತ್ತಲು ಹೋದರೆ ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆಯುವವರೂ ನೀವೇ. ಇವೆರಡರಲ್ಲಿ ನಾವು ಯಾವುದನ್ನು ನಂಬಬೇಕು?”

ಸಭೆ ನಕ್ಕಿತು, ನಾವೂ ನಕ್ಕೆವು. ಬಹುಮಾನ ಹಂಪೆಯ ಬಗ್ಗೆ ಸೊಗಸಾಗಿ ಮಾತನಾಡಿದ ಹುಡುಗಿಗೆ ಹೋಯಿತು. ಆದರೆ ಆ ಹುಡುಗನ ಪ್ರಶ್ನೆ ನಮ್ಮೊಡನೆ ಮನೆಯವರೆಗೂ ಬಂದಿತು. ಅದಕ್ಕೆ ಅಂದು ಉತ್ತರ ಕೊಡಲಾಗಲಿಲ್ಲವಾದ್ದರಿಂದ ಈ ಸಂಚಿಕೆಯ ಪುಟಗಳಲ್ಲಿ ಕೊಡಲು ಯತ್ನಿಸುತ್ತಿದ್ದೇವೆ. ವಿದ್ಯಾರ್ಥಿಗಳು ಓದಲಿ, ಓದು ಬಾರದ ತಂದೆತಾಯಿಗಳಿಗೆ ಅವರು ಓದಿ ಹೇಳಲಿ.

ಮೊದಲು ಒಂದು ಮಾತಿನ ವಿಚಾರ. ನಾವು ಕನ್ನಡ ಉಪಾಧ್ಯಾಯರಾದ್ದರಿಂದ ಇದನ್ನು ಬಿಟ್ಟು ಮುಂದೆ ಹೋಗಲಾರೆವು. ಕನ್ನಡ ನಿಘಂಟಿನಲ್ಲಿ ‘ಸುಗ್ಗಿ’ ಎಂದರೆ ಪೈರು ಕೊಯ್ಯುವ ಕಾಲ, ಸಮೃದ್ಧಿ, ಸಂತೋಷ. ಪಠ್ಯಪುಸ್ತಕದಲ್ಲಿ ಸುಗ್ಗಿ ಎಂದೊಡನೆ ರಾಶಿ, ಎಳ್ಳುಬೆಲ್ಲ, ಕಿಚ್ಚು ಹಾಯುವ ಎತ್ತುಗಳ ಚಿತ್ರವಿರುತ್ತದೆ. ಸಿ. ಬೆಳಗಲ್ಲಿನಿಂದ ಹಿಡಿದು ಎಮ್ಮಿಗನೂರು, ಕೋಸಿಗಿ, ಕೌತಾಳಂ, ಆದವಾನಿ, ಹೊಳಗುಂದದವರೆಗೆ ನಮ್ಮ ಸೀಮೆಯಲ್ಲಿ ಮಾತ್ರ ‘ಸುಗ್ಗಿಗೆ ಹೋದರು’ ಎಂದರೆ ಮನೆಗೆ ಬೀಗ ಹಾಕಿಕೊಂಡು ಬೇರೆಯವರ ಬೆಳೆ ಕೊಯ್ಯಲು ಪರಸ್ಥಳಕ್ಕೆ ಹೋದರು ಎಂದೇ ಅರ್ಥ. ತೆಲುಗು ಮಾತನಾಡುವ ನೆರೆಹೊರೆಯವರೂ ಈ ಮಾತನ್ನು ಇದೇ ಅರ್ಥದಲ್ಲಿ ಬಳಸುತ್ತಾರೆ. ನಾವು ಎರಡೂ ಭಾಷೆಗಳಲ್ಲಿ ಓದಿದವರು. ಒಂದು ಮಾತು ಹೀಗೆ ತನ್ನ ಅರ್ಥವನ್ನೇ ತಲೆಕೆಳಗು ಮಾಡಿಕೊಂಡದ್ದನ್ನು ಇನ್ನೆಲ್ಲೂ ಕಂಡಿಲ್ಲ.

ಏಕೆ ಹೋಗುತ್ತಾರೆ ಎಂಬುದನ್ನು ಈ ಪುಟ ಓದುವವರಿಗೆ ವಿವರಿಸಬೇಕಾಗಿಲ್ಲ. ನಮ್ಮದು ಮಳೆಯನ್ನೇ ನಂಬಿದ ಎರೆಭೂಮಿ. ಜೂನಿನಲ್ಲಿ ಬಿತ್ತಿದ ಶೇಂಗಾ, ಹತ್ತಿ ದೀಪಾವಳಿಯ ಹೊತ್ತಿಗೆ ಕೈಗೆ ಬಂದರೆ ಬಂದಿತು, ಇಲ್ಲದಿದ್ದರೆ ಇಲ್ಲ. ಆಮೇಲೆ ಹೊಲದಲ್ಲಿ ಕೆಲಸವಿಲ್ಲ. ಹಾಗೆಂದು ನೀರು ದೂರವಿದೆಯೇ? ತುಂಗಭದ್ರೆ ನಮ್ಮ ಮಗ್ಗುಲಲ್ಲೇ ಹರಿಯುತ್ತಾಳೆ. ಹೊಸಪೇಟೆಯ ಬಳಿ 1953ರಲ್ಲಿ ಅಣೆಕಟ್ಟು ಮುಗಿಯಿತು, ಅದರ ಕೆಳಮಟ್ಟದ ಕಾಲುವೆ ಆದವಾನಿಯ ಕಡೆಗೆ ಬಂದಿತು. ಸುಂಕೇಸುಲದ ಒಡ್ಡಿನಿಂದ ಕರ್ನೂಲು-ಕಡಪ ಕಾಲುವೆ 19ನೆಯ ಶತಮಾನದಿಂದಲೇ ಪೂರ್ವಕ್ಕೆ ಹೊರಟಿದೆ. ಉಳಿದ ನೀರು ಕೃಷ್ಣೆಯನ್ನು ಕೂಡಿಕೊಂಡು ಶ್ರೀಶೈಲ ದಾಟಿ ನಾಗಾರ್ಜುನಸಾಗರ ಸೇರುತ್ತದೆ. ಅಲ್ಲಿಂದ ಬಲದಂಡೆ ಕಾಲುವೆಯಲ್ಲಿ ಗುಂಟೂರು ಸೀಮೆಯ ಮೆಣಸಿನಕಾಯಿ ಹೊಲಗಳಿಗೆ ಹೋಗುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಅಲ್ಲಿ ಕಾಯಿ ಕೀಳುವ ಕಾಲ. ನಮ್ಮ ಊರಿನ ಮುಂದೆ ಹಾದು ಹೋದ ನೀರಿನ ಹಿಂದೆಯೇ ನಮ್ಮ ಜನರೂ ಹೋಗುತ್ತಾರೆ. ಇನ್ನು ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಹೈದರಾಬಾದಿಗೆ. ಹಿಂದೆ ಎತ್ತಿನ ಬಂಡಿ, ಆಮೇಲೆ ಲಾರಿ, ಈಗ ಸಣ್ಣ ಗೂಡ್ಸ್ ಗಾಡಿ. ಹಾಸಿಗೆ, ಪಾತ್ರೆ, ಜೋಳದ ಚೀಲ, ಕೋಳಿಪಂಜರ, ಎಲ್ಲದರ ಮೇಲೆ ಮಕ್ಕಳು.

ಈಗ ಹುಡುಗನ ಪ್ರಶ್ನೆಗೆ ಬರೋಣ. ತಿರುಗುವುದು ತಪ್ಪೇ? ಖಂಡಿತವಾಗಿಯೂ ಅಲ್ಲ. ತಿರುಗುವವರಿಲ್ಲದಿದ್ದರೆ ಈ ನಾಡು ಉಪ್ಪನ್ನೇ ಕಾಣುತ್ತಿರಲಿಲ್ಲ. ರೈಲು ಬರುವ ಮುಂಚೆ ಕರಾವಳಿಯ ಉಪ್ಪನ್ನು ಒಳನಾಡಿಗೆ, ಒಳನಾಡಿನ ಧಾನ್ಯವನ್ನು ಊರೂರಿಗೆ ಎತ್ತುಗಳ ಮೇಲೆ ಹೇರಿಕೊಂಡು ತಂದವರು ಲಂಬಾಣಿಗಳು ಮತ್ತು ಕೊರಚರು. ‘ತಾಂಡ’ ಎಂದರೆ ಇಂದು ನಾವು ಒಂದು ಕೇರಿ ಎಂದುಕೊಳ್ಳುತ್ತೇವೆ; ಅಂದು ಅದು ನಡೆಯುವ ಊರು. 17ನೆಯ ಶತಮಾನದಲ್ಲಿ ಈ ದೇಶವನ್ನು ಸುತ್ತಿದ ಫ್ರೆಂಚ್ ವರ್ತಕ ತಾವರ್ನಿಯೆ, ಹತ್ತು ಹನ್ನೆರಡು ಸಾವಿರ ಎತ್ತುಗಳ ಇಂಥ ಸಾರ್ಥಗಳನ್ನು ಕುರಿತು ಬರೆದಿದ್ದಾನೆ. ಇಕ್ಕಟ್ಟಾದ ದಾರಿಯಲ್ಲಿ ಅವು ಎದುರಾದರೆ ದಿನಗಟ್ಟಲೆ ಕಾಯಬೇಕಾಗುತ್ತಿತ್ತಂತೆ! 1791-92ರಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಹೋದಾಗ ಅವನ ಸೈನ್ಯಕ್ಕೆ ಕಾಳು ಹೊತ್ತು ತಂದವರೂ ಇವರೇ.

ಆದರೆ ಒಂದನ್ನು ಗಮನಿಸಬೇಕು. ಇಷ್ಟು ದೊಡ್ಡ ತಿರುಗಾಟಗಾರರೂ ಹನ್ನೆರಡು ತಿಂಗಳು ತಿರುಗುತ್ತಿರಲಿಲ್ಲ. ಮಳೆಗಾಲದಲ್ಲಿ ಎರೆಮಣ್ಣಿನಲ್ಲಿ ಎತ್ತಿನ ಗೊರಸು ಹೂತುಹೋಗುತ್ತದೆ, ಹೊಳೆ ದಾಟಲಾಗದು, ಉಪ್ಪು ನೆನೆಯುತ್ತದೆ. ಆದ್ದರಿಂದ ಹುಲ್ಲು ನೀರು ಇರುವ ಕಡೆ ತಂಗುತ್ತಿದ್ದರು. ನಮ್ಮ ಕುರಿಗಾರರಾದರೂ ಹಾಗೆಯೇ. ಸುಗ್ಗಿ ಮುಗಿದು ಹೊಲಗಳು ಬರಿದಾದ ಮೇಲೆ ಹಿಂಡು ಹೊರಡುತ್ತದೆ. ರೈತ ತನ್ನ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿಕೊಂಡು ಗೊಬ್ಬರಕ್ಕೆ ಬದಲಾಗಿ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಮಳೆ ಬಿದ್ದು ಊರಿನ ಮಗ್ಗುಲಲ್ಲಿ ಹಸಿರು ಕಂಡಾಗ ಹಿಂಡು ಮನೆಗೆ ಮರಳುತ್ತದೆ.

ಸಂಸಾರ ಬಿಟ್ಟವರಿಗೂ ಈ ನಿಯಮ ತಪ್ಪಲಿಲ್ಲ. ಬೌದ್ಧ ಭಿಕ್ಷುಗಳು ಮಳೆಯಲ್ಲೂ ತಿರುಗುತ್ತ ಹಸಿರು ಪೈರನ್ನೂ ಸಣ್ಣ ಜೀವಿಗಳನ್ನೂ ತುಳಿಯುತ್ತಾರೆ, ಹಕ್ಕಿಗಳು ಸಹ ಈ ಕಾಲದಲ್ಲಿ ಗೂಡು ಕಟ್ಟಿಕೊಂಡು ನಿಲ್ಲುತ್ತವೆಯಲ್ಲ, ಎಂದು ಜನ ದೂರಿದರಂತೆ. ಅಂದಿನಿಂದ ಮೂರು ತಿಂಗಳ ವರ್ಷಾವಾಸ ಏರ್ಪಟ್ಟಿತು ಎನ್ನುತ್ತಾರೆ. ಜೈನ ಮುನಿಗಳಿಗೆ ನಾಲ್ಕು ತಿಂಗಳ ಚಾತುರ್ಮಾಸ. ನಮ್ಮ ಕಡೆಯ ಮಠಗಳ ಸ್ವಾಮಿಗಳೂ ಚಾತುರ್ಮಾಸ್ಯಕ್ಕೆ ಕೂರುತ್ತಾರೆ. ಪಕ್ಷವನ್ನೇ ಮಾಸವೆಂದು ಎಣಿಸಿ ನಾಲ್ಕು ಪಕ್ಷಗಳಲ್ಲೇ ಮುಗಿಸುವ ಪದ್ಧತಿಯೂ ಬಂದಿದೆ. ಹಾಜರಿಯ ಲೆಕ್ಕದಲ್ಲಿ ರಿಯಾಯಿತಿ ಎಲ್ಲ ಕಾಲದಲ್ಲೂ ಇತ್ತೆಂದು ಇದರಿಂದ ತಿಳಿಯಬಹುದು! ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳೇ ತಮಿಳು ಸೀಮೆಯಲ್ಲಿ ಹುಟ್ಟಿ, ಊರೂರು ಸಂಚರಿಸಿ, ಕೊನೆಗೆ ಆದವಾನಿ ಸೀಮೆಯ ಮಂಚಾಲೆಯಲ್ಲಿ ನೆಲೆ ನಿಂತು 1671ರಲ್ಲಿ ವೃಂದಾವನಸ್ಥರಾದವರು.

ತಿರುಗಾಟವೇ ಜೀವನವಾದ ಕಲಾವಿದರನ್ನೂ ನೋಡಿರಿ. ಕರಾವಳಿಯ ಯಕ್ಷಗಾನ ಮೇಳಗಳು ದೀಪಾವಳಿಯ ನಂತರ ಹೊರಟರೆ ಮೇ ತಿಂಗಳ ಕೊನೆಯ ವಾರದ ಪತ್ತನಾಜೆಗೆ ಗೆಜ್ಜೆ ಬಿಚ್ಚುವುದು ಸಂಪ್ರದಾಯ. ಮಳೆಗಾಲ ವೇಷದವರಿಗೆ ಬೇಸಾಯಕ್ಕೆ, ಕಲಿಯುವವರಿಗೆ ಕಲಿಕೆಗೆ. ಆದರೆ ಬರಿ ಆರು ತಿಂಗಳ ಸಂಬಳದಲ್ಲಿ ವರ್ಷ ಸಾಗೀತೆ? ಆದ್ದರಿಂದ ಮಳೆಗಾಲದಲ್ಲೂ ನಾಲ್ಕೈದು ಜನ ಸೇರಿ ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುವವರುಂಟು. ಬೆಂಗಳೂರು, ಮುಂಬಯಿಗಳಿಗೆ ಮಳೆಗಾಲದ ತಿರುಗಾಟ ಹೊರಡುವವರೂ ಉಂಟು. ಇದು ಸರಿಯೋ ತಪ್ಪೋ ಎಂದು ಕರಾವಳಿಯಲ್ಲಿ ವಾದವಿದೆ. ವರ್ಷವಿಡೀ ಕುಣಿದರೆ ಕಲೆ ಬಳಲುತ್ತದೆ ಎನ್ನುವವರು ಒಂದು ಕಡೆ, ಕುಣಿಯದಿದ್ದರೆ ಒಲೆ ಉರಿಯುವುದಿಲ್ಲ ಎನ್ನುವವರು ಇನ್ನೊಂದು ಕಡೆ. ಎರಡನೆಯವರನ್ನು ಬೈಯುವ ಧೈರ್ಯ ನಮಗಿಲ್ಲ.

ತಂಗುವ ಸ್ಥಳವನ್ನೇ ಕಳೆದುಕೊಂಡವರ ಗತಿ ಏನಾಯಿತೆಂಬುದನ್ನೂ ಹೇಳಬೇಕು. ಮದ್ರಾಸಿನ ಕಡೆಯಿಂದ ಬಂದ ರೈಲು ಹಳಿ, ಮುಂಬಯಿಯ ಕಡೆಯಿಂದ ಬಂದ ಹಳಿ ಎರಡೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಉಪ್ಪು ರೈಲು ಹತ್ತಿತು, ಎತ್ತುಗಳ ಕೆಲಸ ಹೋಯಿತು. ಅದೇ 1871ರಲ್ಲಿ ಬ್ರಿಟಿಷ್ ಸರ್ಕಾರ ‘ಅಪರಾಧಿ ಬುಡಕಟ್ಟು’ಗಳ ಕಾಯ್ದೆಯನ್ನು ಮಾಡಿತು. ಮೊದಲು ಉತ್ತರ ಭಾರತಕ್ಕೆ, 1911ರ ಕಾಯ್ದೆಯ ನಂತರ ನಮ್ಮ ಮದ್ರಾಸ್ ಪ್ರಾಂತಕ್ಕೂ ಅದು ಬಂದಿತು. ತಿರುಗುವವರೆಲ್ಲ ಕಳ್ಳರು ಎಂಬ ಗುಮಾನಿ ಕಾನೂನಾಯಿತು. ದೇಶದಲ್ಲಿ ಅದು ಪೂರ್ತಿಯಾಗಿ ಹೋದದ್ದು 1952ರಲ್ಲಿ. ಇಂದಿಗೂ ಊರಿನ ಹೊರಗೆ ಬಿಡಾರ ಹೂಡಿದವರನ್ನು ಕಂಡರೆ ನಾವು ಬಾಗಿಲು ಭದ್ರಪಡಿಸುತ್ತೇವಲ್ಲವೇ? ಗುಂಟೂರಿನಲ್ಲಿ ಹೊಲದಂಚಿನ ಗುಡಾರದಲ್ಲಿ ಮಲಗುವ ನಮ್ಮ ಜನರನ್ನು ಅಲ್ಲಿಯವರು ಹೇಗೆ ನೋಡಿಯಾರು ಎಂಬುದನ್ನು ಆಗ ನೆನೆಯಬೇಕು.

ಹೀಗೆ ನೋಡಿದಾಗ ತಿರುಗುವ ಜನರೆಲ್ಲ ಒಂದು ಋತು ನಿಂತವರೇ. ಆ ಋತು ಮಳೆಗಾಲ. ನಮ್ಮ ಸೀಮೆಯವರೂ ಮಳೆಗಾಲದಲ್ಲಿ ಊರಲ್ಲೇ ಇರುತ್ತಾರೆ, ಚಳಿ ಬಿದ್ದ ಮೇಲೆ ಹೊರಡುತ್ತಾರೆ. ದೊಡ್ಡವರ ಮಟ್ಟಿಗೆ ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ತೊಂದರೆ ಬಂದಿರುವುದು ಶಾಲೆಯ ಪಂಚಾಂಗದಿಂದ. ಜೂನಿನಲ್ಲಿ ಶಾಲೆ ತೆರೆದಾಗ ಮಕ್ಕಳೆಲ್ಲ ಇರುತ್ತಾರೆ. ಡಿಸೆಂಬರ್, ಜನವರಿಗೆ ಬೆಂಚುಗಳು ತೆರವಾಗುತ್ತವೆ. ಬೀಜಗಣಿತ, ವ್ಯಾಕರಣದ ಸಮಾಸ, ವಿಜ್ಞಾನದ ಕಷ್ಟದ ಪಾಠಗಳೆಲ್ಲ ನಡೆಯುವುದು ಆಗಲೇ. ಮಾರ್ಚಿನಲ್ಲಿ ಪರೀಕ್ಷೆ, ಹತ್ತನೆಯ ತರಗತಿಯವರಿಗೆ ಪಬ್ಲಿಕ್ ಪರೀಕ್ಷೆ. ಯುಗಾದಿಗೆ ಹಬ್ಬಕ್ಕೆಂದು ಜನ ಊರಿಗೆ ಮರಳುವ ಹೊತ್ತಿಗೆ ಮಗುವಿನ ವರ್ಷವೇ ಕಳೆದಿರುತ್ತದೆ. ಒಂದು ಸಲ ಹಿಂದೆ ಬಿದ್ದ ಮಗು ಮುಂದಿನ ಜೂನಿನಲ್ಲಿ ತನಗಿಂತ ಕಿರಿಯರ ಜೊತೆ ಕೂರಲು ನಾಚುತ್ತದೆ. ಎರಡನೆಯ ಸಲ ಬರುವುದೇ ಇಲ್ಲ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ದೊಡ್ಡವರು ಹೋಗಲಿ, ಬರಲಿ. ಅದು ಅವರ ಹೊಟ್ಟೆಯ ಪ್ರಶ್ನೆ, ಉಪಾಧ್ಯಾಯರ ಉಪದೇಶದ ಪ್ರಶ್ನೆಯಲ್ಲ. ಮಕ್ಕಳು ಮಾತ್ರ ಚಳಿಗಾಲದಲ್ಲಿ ಊರಲ್ಲಿ ನಿಲ್ಲಬೇಕು. ಅದರಲ್ಲೂ ಎಂಟನೆಯ ತರಗತಿ ದಾಟಿದವರು ನಿಲ್ಲಲೇಬೇಕು.

ಇದಕ್ಕೆ ಬರುವ ಆಕ್ಷೇಪಗಳು ನಮಗೆ ಗೊತ್ತಿಲ್ಲದೆ ಇಲ್ಲ. ನಮ್ಮ ಸಹೋದ್ಯೋಗಿಗಳೊಬ್ಬರು, “ಗುಂಟೂರಿಗೆ ಹೋಗಿ ಬಂದ ಮಗು ತಕ್ಕಡಿಯ ಲೆಕ್ಕವನ್ನು ನಿಮ್ಮ ಪುಸ್ತಕಕ್ಕಿಂತ ಚೆನ್ನಾಗಿ ಕಲಿತಿರುತ್ತದೆ” ಎನ್ನುತ್ತಾರೆ. ನಿಜವೇ. ಹಲವೆಡೆ ಕೂಲಿ ತೂಕದ ಮೇಲೆ. ಮೋಸ ಹೋಗಬಾರದಾದರೆ ಲೆಕ್ಕ ಬರಬೇಕು. ಆದರೆ ಆ ಮಗು ತಕ್ಕಡಿಯ ಈ ಕಡೆ ನಿಂತು ಕಲಿಯುವ ಲೆಕ್ಕ ಅಷ್ಟೇ. ತಕ್ಕಡಿ ಹಿಡಿದವನ ಕಡೆಯ ಲೆಕ್ಕ ಕಲಿಯಲು ಕುಳಿತು ಓದಬೇಕಾಗುತ್ತದೆ.

ತಂದೆತಾಯಿಗಳ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಎಳೆಯ ಕೈಗಳೂ ಕಾಯಿ ಕಿತ್ತರೆ ಚೀಲ ಬೇಗ ತುಂಬುತ್ತದೆ. ದೊಡ್ಡ ಹುಡುಗಿ ಜೊತೆಗಿದ್ದರೆ ಕೂಸನ್ನು ನೋಡಿಕೊಳ್ಳುತ್ತಾಳೆ, ರೊಟ್ಟಿ ತಟ್ಟುತ್ತಾಳೆ. ಬಿಟ್ಟು ಹೋದರೆ ಯಾರ ಭರವಸೆಯ ಮೇಲೆ ಬಿಡುವುದು? ಕಣ್ಣು ಮಂದವಾದ ಅಜ್ಜಿಯ ಮೇಲೆಯೇ? ಬೆಳೆದ ಹುಡುಗಿಯನ್ನು ಒಂಟಿ ಮನೆಯಲ್ಲಿ ಬಿಡುವುದಕ್ಕಿಂತ ಕಣ್ಣೆದುರು ಇಟ್ಟುಕೊಳ್ಳುವುದು ಮೇಲಲ್ಲವೇ? ಈ ಭಯದಿಂದಲೇ ಓದು ಮುಗಿಯದ ಹುಡುಗಿಯರ ಮದುವೆ ಮುಗಿಯುತ್ತದೆ. ಈ ಪ್ರಶ್ನೆಗಳಿಗೆ ‘ಶಿಕ್ಷಣವೇ ಬೆಳಕು’ ಎಂಬ ಘೋಷಣೆ ಉತ್ತರವಾಗದು. ಇಂಥ ಘೋಷಣೆಗಳನ್ನು ಗೋಡೆಗೆ ಬರೆಸುವುದರಲ್ಲಿ ನಾವು ಬಹಳ ಮುಂದಿದ್ದೇವೆ, ಇರಲಿ.

ಉತ್ತರ ಎಲ್ಲಿದೆ ಎಂದರೆ ಋತುಕಾಲದ ವಸತಿಯಲ್ಲಿ. ಸರ್ವ ಶಿಕ್ಷಾ ಅಭಿಯಾನದ ವರ್ಷಗಳಲ್ಲಿ ನಮ್ಮ ಜಿಲ್ಲೆಯಲ್ಲಿ ವಲಸೆಯ ತಿಂಗಳುಗಳಿಗೆಂದೇ ಊರಿನ ಶಾಲೆಗಳಲ್ಲಿ ಇಂಥ ವಸತಿಗಳನ್ನು ತೆರೆದದ್ದುಂಟು. ತಂದೆತಾಯಿ ಹೋದರೂ ಮಗು ತನ್ನ ಊರಿನಲ್ಲೇ, ತನ್ನ ಶಾಲೆಯಲ್ಲೇ ಉಣ್ಣುತ್ತದೆ, ಓದುತ್ತದೆ. ಅದು ಎಲ್ಲ ಊರುಗಳಲ್ಲಿ ಇರಲಿಲ್ಲ. ಇದ್ದಲ್ಲಿಯೂ ಕೆಲವೊಮ್ಮೆ ಅರ್ಧ ಜನ ಹೋದ ಮೇಲೆ ಬಾಗಿಲು ತೆರೆಯಿತು. ದೀಪಾವಳಿಗೆ ಹೊರಡುವವರಿಗೆ ಸಂಕ್ರಾಂತಿಯಲ್ಲಿ ತೆರೆಯುವ ವಸತಿಯಿಂದ ಏನು ಪ್ರಯೋಜನ? ಗಾಡಿ ಬರುವ ಮುಂಚೆ ಒಲೆ ಹೊತ್ತಬೇಕು. ಬಡ ಕುಟುಂಬಗಳು ಊರಲ್ಲೇ ನಿಲ್ಲಲೆಂದು ತಂದ ಉದ್ಯೋಗ ಖಾತರಿ ಯೋಜನೆ ಆರಂಭವಾದದ್ದು ಬೇರೆಲ್ಲೂ ಅಲ್ಲ, ನಮ್ಮ ನೆರೆಯ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ, 2006ರ ಫೆಬ್ರವರಿ 2ರಂದು. ವರ್ಷಕ್ಕೆ 100 ದಿನದ ಕೆಲಸ ಎಂದರು. ಕೆಲಸ ಸಿಕ್ಕಿದವರೂ ಕೂಲಿ ಕೈಗೆ ಬರುವವರೆಗೆ ಕಾಯಲಾರದೆ ಗಾಡಿ ಹತ್ತಿದ್ದನ್ನು ನಾವು ಕಂಡಿದ್ದೇವೆ.

ಮಗುವೂ ಜೊತೆಗೆ ಹೋಗಿ ಅಲ್ಲಿಯ ಶಾಲೆಗೇ ಸೇರಬಾರದೇ ಎಂದು ಕೇಳಬಹುದು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯ್ದೆ, ಮಗು ಯಾವ ಶಾಲೆಗೆ ಹೋದರೂ ಸೇರಿಸಿಕೊಳ್ಳಬೇಕು ಎನ್ನುತ್ತದೆ. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಗಳ ಬಳಿ ಕಬ್ಬು ಕಡಿಯುವವರ ಮಕ್ಕಳಿಗಾಗಿ ‘ಸಾಖರ ಶಾಳೆ’ಗಳನ್ನು ನಡೆಸಿದ್ದೂ ಉಂಟು. ಆದರೆ ನಮ್ಮ ಮಕ್ಕಳದು ಬೇರೆಯೇ ಒಂದು ಸಂಕಟ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಆಡಳಿತದ ಗೆರೆ ಬದಲಾದರೂ ಮನೆಯ ಮಾತು ಬದಲಾಗಲಿಲ್ಲವಾದ್ದರಿಂದ ಈ ಗಡಿಯಲ್ಲಿ ಕನ್ನಡ ಶಾಲೆಗಳು ಉಳಿದಿವೆ. ಗುಂಟೂರಿನಲ್ಲಿ ಕನ್ನಡ ತರಗತಿ ಎಲ್ಲಿಂದ ಬರಬೇಕು? ಬೆಂಗಳೂರಿನಲ್ಲಿ ಕನ್ನಡ ಶಾಲೆ ಬೇಕಾದಷ್ಟಿವೆ, ಆದರೆ ಅಲ್ಲಿಯದು ಕರ್ನಾಟಕದ ಪಠ್ಯ, ಕರ್ನಾಟಕದ ಪರೀಕ್ಷೆ. ಹೀಗೆ ನಮ್ಮ ಮಗು ಪೂರ್ವಕ್ಕೆ ಹೋದರೆ ಭಾಷೆ ತಪ್ಪುತ್ತದೆ, ದಕ್ಷಿಣಕ್ಕೆ ಹೋದರೆ ಪುಸ್ತಕ ತಪ್ಪುತ್ತದೆ. ಅದರ ಪಾಠ ಮುಂದುವರಿಯುವುದು ಅದರ ಊರಿನಲ್ಲಿ ಮಾತ್ರ.

ತಿರುಗುವವರಿಗಾಗಿ ನಿಯಮವನ್ನೇ ಬಗ್ಗಿಸಿದ ಉದಾಹರಣೆ ಒಂದಿದೆ. ಇಂಗ್ಲೆಂಡಿನಲ್ಲಿ ಜಾತ್ರೆಯಿಂದ ಜಾತ್ರೆಗೆ ಗಾಡಿಮನೆಗಳಲ್ಲಿ ತಿರುಗುವ ಆಟದವರು, ಸರ್ಕಸ್ಸಿನವರು ಇದ್ದಾರೆ. ಬೇಸಿಗೆಯಲ್ಲಿ ಅವರ ತಿರುಗಾಟ, ಚಳಿಗಾಲದಲ್ಲಿ ಒಂದು ಊರಿನಲ್ಲಿ ಬಿಡಾರ. 1944ರ ಶಿಕ್ಷಣ ಕಾಯ್ದೆಯಲ್ಲಿ ಅಂಥವರ ಮಗು ವರ್ಷದಲ್ಲಿ 200 ಸಲ, ಅಂದರೆ 200 ಅರ್ಧ ದಿನ, ಶಾಲೆಗೆ ಬಂದಿದ್ದರೆ ತಂದೆತಾಯಿಗೆ ದಂಡವಿಲ್ಲ ಎಂದು ಬರೆದರು. 200 ಸಲ ಸಾಕೇ ಎಂದು ಕೇಳಿದರೆ ಸಾಲದು ಎಂದೇ ಹೇಳುತ್ತೇವೆ. ಆದರೆ ತಿರುಗುವವನೂ ಪ್ರಜೆ, ಅವನ ಋತುವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ಅಲ್ಲಿಯ ಕಾನೂನಿಗೆ ತೋಚಿತಲ್ಲ!

ನಮ್ಮದೊಂದು ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇರೊಂದು ಊರಿನಲ್ಲಿ, ಜನವರಿಯಿಂದ ಬಾರದಿದ್ದ ಹುಡುಗಿಯೊಬ್ಬಳ ಹೆಸರಿನ ಮೇಲೆ ನಾವು ಕೆಂಪು ಶಾಯಿಯ ಗೆರೆ ಎಳೆದಿದ್ದೆವು. ತರಬೇತಿ ಕಾಲೇಜಿನಲ್ಲಿ ನಮಗೆ ಹಾಜರಿ ಪುಸ್ತಕವನ್ನು ಶುದ್ಧವಾಗಿ ಇಡುವುದನ್ನು ಕಲಿಸಿದ್ದರು. ಗೆರೆಯಾಚೆ ಏನಾಗುತ್ತದೆಂದು ಕಲಿಸಿರಲಿಲ್ಲ. ಯುಗಾದಿಯ ಮರುವಾರ ಆಕೆ ಚೀಲ ಹಿಡಿದು ಬಾಗಿಲಲ್ಲಿ ನಿಂತಳು. ಬೆರಳುಗಳ ತುದಿ ಮೆಣಸಿನಕಾಯಿಯ ಖಾರಕ್ಕೆ ಸುಲಿದಿತ್ತು. “ನನ್ನ ಹೆಸರು ಕೂಗಲೇ ಇಲ್ಲ, ಸಾರ್” ಎಂದಳು. ಹೆಸರನ್ನು ಮತ್ತೆ ಬರೆದೆವು. ಆದರೆ ಆಕೆ ಅದಾದ ಮೇಲೆ ಹತ್ತು ದಿನವೂ ಬರಲಿಲ್ಲ. ನಾವು ಹುಡುಕಿಕೊಂಡು ಹೋಗಲೂ ಇಲ್ಲ. ಚರ್ಚಾಸ್ಪರ್ಧೆಯ ಹುಡುಗ ‘ಗೈರು ಎಂದು ಬರೆಯುವವರೂ ನೀವೇ’ ಎಂದಾಗ ನಾವು ಎಲ್ಲರೊಡನೆ ನಕ್ಕೆವು ಎಂದು ಮೇಲೆ ಬರೆದೆವಲ್ಲ, ಆ ನಗು ಪೂರ್ತಿ ನಗುವಾಗಿರಲಿಲ್ಲ.

ಹಾಗಾದರೆ ಅವನ ಪ್ರಶ್ನೆಗೆ ಉತ್ತರ? ಗೋಡೆಯ ಮೇಲಿನ ಮಾತೂ ನಿಜ, ಹಾಜರಿ ಪುಸ್ತಕವೂ ನಿಜ. ಆದರೆ ಮೆಣಸಿನಕಾಯಿಯ ಸಾಲಿನಲ್ಲಿ ಬಗ್ಗಿ ನಡೆಯುವುದನ್ನು ದೇಶ ಸುತ್ತುವುದೆಂದು ನಾವು ಒಪ್ಪುವುದಿಲ್ಲ. ಆ ಮಗು ಅಮರಾವತಿಯ ಸ್ತೂಪದಿಂದ ಸ್ವಲ್ಪವೇ ದೂರದಲ್ಲಿ ಮೂರು ತಿಂಗಳಿದ್ದು, ಅದನ್ನು ನೋಡದೆ ಬಂದಿರುತ್ತದೆ. ನೋಡಲು ಬಿಡುವು ಇರುವವನದು ಪ್ರವಾಸ. ಇಲ್ಲದವನದು ಬರಿ ಪ್ರಯಾಣ.

ತಂದೆತಾಯಿಗಳಲ್ಲಿ ನಮ್ಮ ವಿನಂತಿ ದೊಡ್ಡದೇನಲ್ಲ. ಮೇಸ್ತ್ರಿ ಮುಂಗಡ ಕೊಟ್ಟು ಹೋದ ದಿನವೇ ನಮಗೆ ಒಂದು ಮಾತು ತಿಳಿಸಿರಿ. ರಾತ್ರೋರಾತ್ರಿ ಹೊರಟು ಹೋಗಬೇಡಿರಿ, ನಾವು ಪೊಲೀಸರಲ್ಲ. ಯಾವ ಮನೆಯ ಮಗು ಯಾರ ಬಳಿ ಇರುವುದೆಂದು ಮುಂಚೆ ಗೊತ್ತಾದರೆ ಊಟಕ್ಕೆ, ಸಂಜೆಯ ಪಾಠಕ್ಕೆ, ರಾತ್ರಿ ಹುಡುಗಿಯರ ಜೊತೆಗೊಬ್ಬರು ಮಲಗುವುದಕ್ಕೆ ಏರ್ಪಾಡು ಮಾಡಬಹುದು. ವಸತಿ ಬೇಕೆಂದು ಅರ್ಜಿ ಬರೆಯುವುದಾದರೂ ಮಕ್ಕಳ ಸಂಖ್ಯೆ ಕೈಯಲ್ಲಿದ್ದರೆ ಮೇಲಿನವರು ಕೇಳುತ್ತಾರೆ. ದಸರೆಯ ರಜೆ ಮುಗಿದ ಮೇಲೆ ಪ್ರತಿ ದಿನ ಸಂಜೆ ಆರರವರೆಗೆ ನಾವು ಕಚೇರಿಯ ಪಕ್ಕದ ಕೋಣೆಯಲ್ಲಿರುತ್ತೇವೆ. ಬರುವಾಗ ಅಜ್ಜಿಯನ್ನೂ ಕರೆದುಕೊಂಡು ಬನ್ನಿರಿ. ಮಗುವನ್ನು ನೋಡಿಕೊಳ್ಳುವವರು ಅವರಾದ್ದರಿಂದ ಮಾತು ಅವರೊಡನೆಯೇ ಆಗಬೇಕಾಗಿದೆ.